ಹೈಲಕ್ಸ್ ಪಿಕಪ್‌ಗೆ ಹೊಸ ಶಾಕ್ ಅಬ್ಸಾರ್ಬರ್: ಖಾಲಿ ಗಾಡಿಯ ಕುಣಿತ ಇಳಿಸುವ ಕೆಲಸ

ಖಾಲಿ ಪಿಕಪ್ ಹಂಪ್ ಇಳಿದ ಕೂಡಲೇ ಹಿಂಭಾಗ ಎಗರಿದರೆ ಬೈಗುಳ ಬೀಳುವುದು ಶಾಕ್ ಅಬ್ಸಾರ್ಬರ್‌ಗೆ. ತಪ್ಪಿನಲ್ಲಿ ಅದರ ಪಾಲು ಅರ್ಧ ಇದ್ದೀತು. ಉಳಿದದ್ದು ಹಿಂದಿನ ಕಮಾನು (ಪ್ಲೇಟುಗಳ ಸ್ಪ್ರಿಂಗ್), ಟೈರಿನ ಗಾಳಿ ಮತ್ತು ಗಾಡಿಯನ್ನು ನೆಲದ ಮೇಲೆ ನಿಲ್ಲಿಸದೆ ಬಿಗಿದ ರಬ್ಬರ್ ಬುಷ್‌ಗಳದ್ದು. ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಅದರ ಓಲಾಟಕ್ಕೆ ಕಡಿವಾಣ ಹಾಕುವುದಷ್ಟೇ ಶಾಕ್‌ನ ಕೆಲಸ. ಗಟ್ಟಿ ಕಮಾನನ್ನು ಮೆತ್ತಗೆ ಮಾಡುವ ಶಾಕ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಗಾಡಿ ನಿಜವಾಗಿ ಹೊರುವ ಭಾರಕ್ಕೆ ಹೊಂದುವ ಶಾಕ್ ಹಾಕಿ, ಸುತ್ತಲಿನ ನಾಲ್ಕು ಸಣ್ಣ ಕೆಲಸ ಮುಗಿಸಿದರೆ ಮಾತ್ರ ಖರ್ಚಿಗೆ ತಕ್ಕ ವ್ಯತ್ಯಾಸ ಕಾಣುತ್ತದೆ.

ಇಲ್ಲಿ ಎತ್ತಿಕೊಂಡಿರುವುದು ಬಿಡದಿಯಲ್ಲಿ ಜೋಡಣೆಯಾಗುವ, 2022ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಟೊಯೊಟಾ ಹೈಲಕ್ಸ್ ಡಬಲ್ ಕ್ಯಾಬ್. ಮುಂದೆ ಡಬಲ್ ವಿಶ್‌ಬೋನ್, ಕಾಯಿಲ್ ಸ್ಪ್ರಿಂಗ್ ಒಳಗೆ ಕೂತ ಶಾಕ್. ಹಿಂದೆ ಇಡೀ ಆಕ್ಸಲ್, ಎರಡು ಕಮಾನು, ಎರಡು ಬಿಡಿ ಶಾಕ್. ಇಸುಜು ವಿ-ಕ್ರಾಸ್‌ದೂ ಇದೇ ವಿನ್ಯಾಸ. ಪಾರ್ಟ್ ನಂಬರ್ ಮತ್ತು ಟಾರ್ಕ್ (ಬೋಲ್ಟ್ ಬಿಗಿಯುವ ಬಲ) ಬೇರೆ, ಕೆಲಸದ ಕ್ರಮ ಒಂದೇ. ಮುಂದೆಯೂ ಕಮಾನೇ ಇರುವ ಸರಕು ಪಿಕಪ್‌ಗಳಿಗೆ ಕೆಳಗಿನ ಹಿಂಬದಿ ಭಾಗ ಮಾತ್ರ ಅನ್ವಯಿಸುತ್ತದೆ. ಎತ್ತರ ಹೆಚ್ಚಿಸುವ ಕಿಟ್ ಈ ಕೆಲಸದಲ್ಲಿಲ್ಲ. ನೋಂದಣಿಯಾದ ಗಾಡಿಯ ಮೂಲ ವಿವರ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಅದೂ ಅಲ್ಲದೆ, ಎತ್ತರಿಸಿದ ಗಾಡಿ ಆರಾಮವಾಗಿಯೇ ಓಡುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.

ಖಾಲಿ ಇದ್ದಾಗ ಯಾಕೆ ಒದೆಯುತ್ತದೆ

ಲೆಕ್ಕಕ್ಕೆ ಒಂದು ಉದಾಹರಣೆ ಹಿಡಿಯೋಣ. ಅಂಕಿಗಳು ಕಂಪನಿ ಕೊಟ್ಟವಲ್ಲ, ಹೋಲಿಕೆಗೆ ಹಿಡಿದವು. ಹಿಂದಿನ ಒಂದು ಚಕ್ರದ ಕಮಾನಿನ ಗಡಸುತನ ಮಿ.ಮೀ.ಗೆ 50 ನ್ಯೂಟನ್. ಖಾಲಿ ಗಾಡಿಯಲ್ಲಿ ಆ ಮೂಲೆಯ ಸ್ಪ್ರಿಂಗ್ ಮೇಲಿನ ಭಾರ 300 ಕೆ.ಜಿ. ಆಗ ಗಾಡಿಯ ಹಿಂಭಾಗ ತನ್ನಷ್ಟಕ್ಕೆ ಸೆಕೆಂಡಿಗೆ ಸುಮಾರು 2.05 ಸಲ ಓಲಾಡುತ್ತದೆ. 50 ಕೆ.ಜಿ.ಯ ಎಂಟು ಮೂಟೆ ಕಾಫಿಯನ್ನು ಆಕ್ಸಲ್ ಮೇಲೆ ಬರುವಂತೆ ಹೇರಿದರೆ ಅದೇ ಮೂಲೆಯ ಭಾರ 500 ಕೆ.ಜಿ.; ಓಲಾಟ 1.6ಕ್ಕೆ ಇಳಿಯುತ್ತದೆ. ಕಾರುಗಳಲ್ಲಿ ಕೂತವರಿಗೆ ಹಿತವಾಗಿರುವುದು 1ರಿಂದ 1.5ರ ಆಸುಪಾಸು. ತುಂಬಿದ ಪಿಕಪ್ ಖಾಲಿಗಿಂತ ಹಾಯಾಗಿ ಹೋಗುವುದಕ್ಕೆ ಇದೇ ಕಾರಣ.

ಇನ್ನು ಶಾಕ್‌ನ ಬಿಗಿ. ಓಲಾಟ ಒಂದೇ ಏಟಿಗೆ ನಿಲ್ಲಬೇಕಾದರೆ ಬೇಕಾಗುವ ಬಿಗಿಯನ್ನು ಪೂರ್ಣ ಎಂದುಕೊಂಡರೆ, ಆರಾಮದ ಓಟಕ್ಕೆ ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗ ಸಾಕು. ಮೇಲಿನ ಉದಾಹರಣೆಯಲ್ಲಿ ಪೂರ್ಣ ಬಿಗಿ ಖಾಲಿ ಗಾಡಿಗೆ ಸುಮಾರು 7,750 (ಸೆಕೆಂಡಿಗೆ ಒಂದು ಮೀಟರ್ ವೇಗಕ್ಕೆ ಇಷ್ಟು ನ್ಯೂಟನ್ ಎಂಬ ಲೆಕ್ಕದಲ್ಲಿ), ಭಾರದ ಗಾಡಿಗೆ 10,000. ಶಾಕ್‌ನ ಬಿಗಿ 2,500 ಇದ್ದರೆ ಭಾರದಲ್ಲಿ 0.25, ಖಾಲಿಯಲ್ಲಿ 0.32, ಎರಡೂ ಒಪ್ಪುವಂಥದ್ದೇ. ‘ಹೆವಿ ಡ್ಯೂಟಿ’ ಎಂದು ಬರೆದ 4,000ದ ಶಾಕ್ ಹಾಕಿದರೆ ಭಾರದಲ್ಲಿ 0.4, ಖಾಲಿಯಲ್ಲಿ 0.5 ದಾಟುತ್ತದೆ. ಆಗ ಪ್ರತಿ ಗುಂಡಿಯ ಅಂಚೂ ನೇರ ಬೆನ್ನಿಗೆ. ದುಡ್ಡು ಕೊಟ್ಟು ಗಾಡಿಯನ್ನು ಇನ್ನಷ್ಟು ಒರಟು ಮಾಡಿಕೊಳ್ಳುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಯಾವ ಬ್ರ್ಯಾಂಡ್ ಎಂಬುದಲ್ಲ, ಇದರ ವಾಲ್ವಿಂಗ್ (ಒಳಗಿನ ವಾಲ್ವ್ ಕೊಡುವ ಬಿಗಿ) ಎಷ್ಟು ಭಾರಕ್ಕೆ ಎಂಬುದು. ಹೊರಗಿನ ತಯಾರಕರು ಹಿಂಬದಿ ಕಿಟ್‌ಗಳನ್ನು ಖಾಲಿ ಅಥವಾ ಹಗುರ ಭಾರ, ಮಧ್ಯಮ, ಸದಾ ಭಾರ ಎಂದು ವಿಂಗಡಿಸಿರುತ್ತಾರೆ. ವಾರದ ಆರು ದಿನ ಖಾಲಿ ಓಡುವ ಗಾಡಿಗೆ ಮೊದಲನೆಯದನ್ನೇ ತೆಗೆದುಕೊಳ್ಳಿ, ಏಳನೇ ದಿನ ಮೂಟೆ ಹೇರಿದರೂ ಚಿಂತೆಯಿಲ್ಲ.

ಹಿಂದೆ ಮರಳಿನ ಚೀಲ ಇಟ್ಟುಕೊಂಡು ಓಡುವವರ ಉಪಾಯ ಸುಳ್ಳಲ್ಲ. 100 ಕೆ.ಜಿ. ಸರಿಯಾಗಿ ಆಕ್ಸಲ್ ಮೇಲೆ ಬಿದ್ದರೆ 2.05 ಇದ್ದದ್ದು 1.9ಕ್ಕೆ ಬರುತ್ತದೆ. ಗೊತ್ತಾಗುವಷ್ಟು ವ್ಯತ್ಯಾಸ, ಆದರೆ ಡೀಸೆಲ್‌ನ ಲೆಕ್ಕದಲ್ಲಿ ದುಬಾರಿ. ಕಟ್ಟದೆ ಇಟ್ಟ ಚೀಲ ಜೋರು ಬ್ರೇಕಿನಲ್ಲಿ ಕ್ಯಾಬಿನ್‌ಗೆ ಬಂದು ಗುದ್ದುತ್ತದೆ.

ಹಳೆಯದು ಹೋಗಿದೆಯೇ, ನೋಡಿ

ಮಡ್‌ಗಾರ್ಡ್ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಎಂದು ನೋಡುವ ಹಳೆಯ ಪರೀಕ್ಷೆ ಪಿಕಪ್‌ನ ಹಿಂಭಾಗದಲ್ಲಿ ನಡೆಯುವುದಿಲ್ಲ. ಕಮಾನಿನ ಪ್ಲೇಟುಗಳ ತಿಕ್ಕಾಟವೇ ಕುಣಿತ ನಿಲ್ಲಿಸಿಬಿಡುತ್ತದೆ, ಶಾಕ್ ಸತ್ತಿದ್ದರೂ ಗಾಡಿ ಪಾಸಾಗುತ್ತದೆ. ಅದಕ್ಕಿಂತ ಒಳ್ಳೆಯ ದಾರಿ: ಐದಾರು ಕಿ.ಮೀ. ಕಚ್ಚಾ ರಸ್ತೆಯಲ್ಲಿ ಓಡಿಸಿ, ನಿಲ್ಲಿಸಿದ ತಕ್ಷಣ ನಾಲ್ಕೂ ಶಾಕ್‌ಗಳ ಮೈಬಿಸಿ ಅಳೆಯಿರಿ. ಸೈಲೆನ್ಸರ್ ಪೈಪ್ ಪಕ್ಕದಲ್ಲಿರುವ ಕಡೆ ಕೈ ಹಾಕಬೇಡಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಉತ್ತಮ. ಕೆಲಸ ಮಾಡುವ ಶಾಕ್ ಅಲುಗಾಟವನ್ನು ಬಿಸಿಯಾಗಿ ಬದಲಿಸುತ್ತದೆ. ಜೊತೆಯದು ಬಿಸಿಯಾಗಿದ್ದು ಒಂದು ಮಾತ್ರ ತಣ್ಣಗಿದ್ದರೆ ಆ ತಣ್ಣನೆಯದು ಸತ್ತಿದೆ.

ಸೀಲ್ ಕೆಳಗೆ ತೆಳ್ಳಗೆ ಎಣ್ಣೆ ಮಂಜು ಕೂತು ಧೂಳು ಹಿಡಿದಿರುವುದು ಸೋರಿಕೆಯಲ್ಲ, ರಾಡ್ ಒದ್ದೆಯಾಗಿರಲೇಬೇಕು. ಎಣ್ಣೆ ಮೈಮೇಲೆ ಇಳಿದು ಕೆಳಗಿನ ಕಣ್ಣಿನವರೆಗೆ (ಬೋಲ್ಟ್ ಹೋಗುವ ತೂತು) ಹರಿದಿದ್ದರೆ ಬದಲಿಸುವುದೊಂದೇ ದಾರಿ. ಟೈರಿನ ಮೇಲ್ಮೈಯನ್ನು ಅಂಗೈಯಿಂದ ಸವರಿ ನೋಡಿ: ಅಲ್ಲಲ್ಲಿ ತಗ್ಗು ಸಿಕ್ಕರೆ ಆ ಚಕ್ರ ರಸ್ತೆ ಬಿಟ್ಟು ಬಿಟ್ಟು ಓಡಿದೆ ಎಂದರ್ಥ. ಒಂದೇ ಅಂಚು ಸವೆದಿದ್ದರೆ ಅದು ಅಲೈನ್‌ಮೆಂಟ್‌ನ ದೂರು, ಶಾಕ್‌ದಲ್ಲ.

ದೂರು ಯಾವ ಬಗೆಯದು ಎಂಬುದನ್ನೂ ಬಿಡಿಸಿಕೊಳ್ಳಬೇಕು. ಹೆದ್ದಾರಿಯ ಉದ್ದ ಏರಿಳಿತದಲ್ಲಿ ದೋಣಿಯಂತೆ ತೇಲಿದರೆ ಶಾಕ್ ಸಡಿಲ. ಹೊಸ ಶಾಕ್ ಇದಕ್ಕೆ ನೇರ ಮದ್ದು. ಸೇತುವೆ ಜಾಯಿಂಟ್, ರಂಬಲ್ ಸ್ಟ್ರಿಪ್, ಗುಂಡಿಯ ಅಂಚು ಇವುಗಳಲ್ಲಿ ಮಾತ್ರ ಕುಟ್ಟಿದರೆ ಮೊದಲು ಟೈರ್ ಗಾಳಿ ಮತ್ತು ಕಮಾನು ನೋಡಿ. ಹಂಪ್‌ನಲ್ಲಿ ಧಡ್ ಎಂದು ಒಂದು ಭಾರಿ ಏಟು ಬಿದ್ದರೆ ಆಕ್ಸಲ್ ಚಾಸಿಯ ರಬ್ಬರ್ ತಡೆಯಾದ ಬಂಪ್ ಸ್ಟಾಪ್‌ಗೆ ಹೊಡೆಯುತ್ತಿದೆ, ಅಂದರೆ ಸ್ಪ್ರಿಂಗ್ ಕುಸಿದಿದೆ ಅಥವಾ ಭಾರ ಹೆಚ್ಚಾಗಿದೆ.

ಅಳತೆ

ಗಾಡಿ ಸಮತಟ್ಟು ನೆಲದಲ್ಲಿ, ಟೈರಿಗೆ ಸರಿ ಗಾಳಿ, ಅರ್ಧ ಟ್ಯಾಂಕ್ ಡೀಸೆಲ್. ನಾಲ್ಕೂ ಮೂಲೆಯಲ್ಲಿ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದಿಡಿ. ನೆಲದಿಂದ ಅಳೆದರೆ ಟೈರಿನ ಸವೆತ, ಗಾಳಿ ಎಲ್ಲ ಸೇರಿ ಲೆಕ್ಕ ಕೆಡುತ್ತದೆ. ಎಡಬಲದ ನಡುವೆ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಶಾಕ್ ಕೊಳ್ಳುವ ಮುಂಚೆ ಕಮಾನು ನೋಡಿ. ಶಾಕ್ ಬದಲಿಸಿ ವಾಲು ಸರಿಪಡಿಸಲಾಗದು.

ಕಂಪನಿ ಪಟ್ಟಿಯಲ್ಲಿರುವ ಗಾಡಿಗೇ ಮಾಡಿದ ಶಾಕ್ ಕೊಂಡರೆ ಮುಂದಿನ ಅಳತೆ ಬೇಕಿಲ್ಲ. ಬೇರೆ ಗಾಡಿಯದನ್ನು ಹೊಂದಿಸುವಾಗ, ಅಥವಾ ಕಮಾನು ಮೊದಲೇ ಬದಲಾಗಿದ್ದರೆ ಇದು ಬೇಕೇ ಬೇಕು. ಹಿಂದಿನ ಶಾಕ್‌ನ ಮೇಲಿನ ಕಣ್ಣಿನಿಂದ ಕೆಳಗಿನ ಕಣ್ಣಿಗೆ ನಿಂತ ಎತ್ತರದಲ್ಲಿ 460 ಮಿ.ಮೀ. ಬಂತು ಎನ್ನಿ. ಆಕ್ಸಲ್ ಮತ್ತು ಬಂಪ್ ಸ್ಟಾಪ್ ನಡುವೆ 80 ಮಿ.ಮೀ. ಸಂದು ಇದೆ, ರಬ್ಬರ್ ಇನ್ನೂ 25 ಮಿ.ಮೀ. ಅಮುಕಿಕೊಳ್ಳುತ್ತದೆ, ಒಟ್ಟು 105. ಶಾಕ್ ಲಂಬದಿಂದ 20 ಡಿಗ್ರಿ ಓರೆಯಾಗಿದ್ದರೆ ಅದರ ಪಾಲಿಗೆ ಬರುವುದು 105ರ 0.94 ಪಾಲು, ಸುಮಾರು 99. ಅಂದರೆ ಪೂರ್ತಿ ಅಮುಕಿದಾಗ ಕಣ್ಣಿನಿಂದ ಕಣ್ಣಿಗೆ 361 ಉಳಿಯುತ್ತದೆ. ಕೊಳ್ಳುವ ಶಾಕ್‌ನ ಮುಚ್ಚಿದ ಉದ್ದ ಇದಕ್ಕಿಂತ ಕನಿಷ್ಠ 15 ಮಿ.ಮೀ. ಕಡಿಮೆ, ಅಂದರೆ 346ರೊಳಗೆ ಇರಬೇಕು. ಇದಕ್ಕಿಂತ ಉದ್ದವಿದ್ದರೆ ಬಂಪ್ ಸ್ಟಾಪ್‌ನ ಕೆಲಸವನ್ನು ಶಾಕ್‌ನ ಪಿಸ್ಟನ್ ಮಾಡುತ್ತದೆ, ಮೊದಲ ದೊಡ್ಡ ಗುಂಡಿಗೇ ವಾಲ್ವ್ ಪುಡಿ ಅಥವಾ ಬ್ರಾಕೆಟ್ ಹರಿಯುತ್ತದೆ.

ಇಳಿಯುವ ಕಡೆಯೂ ಅಷ್ಟೇ. ಚಾಸಿಗೆ ಸ್ಟ್ಯಾಂಡ್ ಕೊಟ್ಟು ಆಕ್ಸಲ್ ಇಳಿಬಿಟ್ಟು ಅಳೆಯಿರಿ. ಹೊಸ ಶಾಕ್ ಹೆಚ್ಚು ಉದ್ದ ತೆರೆದುಕೊಂಡರೆ ಆಕ್ಸಲ್ ಇನ್ನೂ ಕೆಳಗೆ ಹೋಗಿ ಬ್ರೇಕ್ ಹೋಸ್ ಎಳೆಯುತ್ತದೆ. ಆ ಹೋಸ್ ಸಡಿಲವಾಗಿ ಉಳಿಯಿತೇ ಎಂದು ಕಣ್ಣಾರೆ ನೋಡಿ.

ಯಾವ ಶಾಕ್

ಟ್ವಿನ್ ಟ್ಯೂಬ್‌ನಲ್ಲಿ ಒಂದರೊಳಗೊಂದು ಎರಡು ಕೊಳವೆ. ಪಿಸ್ಟನ್ ಓಡುವುದು ಒಳಗಿನದರಲ್ಲಿ. ಕಲ್ಲು ಬಡಿದು ಹೊರಮೈ ನೆಗ್ಗಿದರೂ ಸಾಮಾನ್ಯವಾಗಿ ಕೆಲಸ ನಡೆಯುತ್ತದೆ. ಗ್ಯಾಸ್ ಒತ್ತಡ ಕಡಿಮೆ, ಸಣ್ಣ ಅಲುಗಾಟಕ್ಕೆ ಮೃದು. ಉದ್ದ ಕಚ್ಚಾ ರಸ್ತೆಯಲ್ಲಿ ಬಿಸಿಯೇರಿ ಎಣ್ಣೆ ನೊರೆಯಾದಾಗ ಬಿಗಿ ಕಳೆದುಕೊಳ್ಳುತ್ತದೆ. ಓಲ್ಡ್ ಮ್ಯಾನ್ ಎಮುವಿನ ನೈಟ್ರೋಚಾರ್ಜರ್ ಈ ಜಾತಿ.

ಮೋನೋಟ್ಯೂಬ್‌ನಲ್ಲಿ ಒಂದೇ ಕೊಳವೆ. ಎಣ್ಣೆಯನ್ನೂ ಸಾರಜನಕವನ್ನೂ ತೇಲುವ ಪಿಸ್ಟನ್ ಬೇರೆ ಮಾಡುತ್ತದೆ. ಬಿಸಿ ಬೇಗ ಹೊರಹೋಗುತ್ತದೆ, ನೊರೆ ಇಲ್ಲ, ವೇಗದಲ್ಲಿ ಹಿಡಿತ ಚೆನ್ನು. ಬಿಲ್‌ಸ್ಟೈನ್ ಬಿ6 ಈ ಬಗೆ. ಹೊರಮೈಗೆ ಆಳವಾದ ನೆಗ್ಗು ಬಿದ್ದರೆ ಪಿಸ್ಟನ್ ಅಲ್ಲೇ ಸಿಕ್ಕಿಬೀಳುತ್ತದೆ ಎಂಬುದು ದೋಷ. ಇನ್ನೊಂದು ಸಂಗತಿ ಹೆಚ್ಚಿನವರು ಗಮನಿಸುವುದಿಲ್ಲ: ಒಳಗಿನ ಒತ್ತಡ 25 ಬಾರ್, ರಾಡ್ 14 ಮಿ.ಮೀ. ದಪ್ಪ ಎಂದರೆ ಆ ರಾಡ್ ಸುಮಾರು 385 ನ್ಯೂಟನ್, ಅಂದರೆ 39 ಕೆ.ಜಿ. ಬಲದಿಂದ ಸದಾ ಹೊರಗೆ ತಳ್ಳುತ್ತಿರುತ್ತದೆ. ಮಿ.ಮೀ.ಗೆ 50 ನ್ಯೂಟನ್ ಕಮಾನಿನ ಮೇಲೆ ಇದು ಏಳೆಂಟು ಮಿ.ಮೀ. ಎತ್ತರ. ಮೋನೋಟ್ಯೂಬ್ ಹಾಕಿದ ಮೇಲೆ ಹಿಂಭಾಗ ಸ್ವಲ್ಪ ಎದ್ದಂತೆ ಕಂಡರೆ ಗಾಬರಿ ಬೇಡ.

ಎಸ್ಟೇಟ್ ದಾರಿ, ಊರೊಳಗಿನ ಹಂಪ್, ವಾರಕ್ಕೊಮ್ಮೆ ಭಾರ — ಈ ಬಳಕೆಗೆ ನಮ್ಮ ಒಲವು ಒಳ್ಳೆಯ ಟ್ವಿನ್ ಟ್ಯೂಬ್ ಕಡೆಗೆ, ಇಲ್ಲವೇ ಎಣ್ಣೆ ಹೆಚ್ಚು ಹಿಡಿಯುವ ದಪ್ಪ ಮೈಯ ಫೋಮ್ ಸೆಲ್ (ಒಳಗೆ ಗ್ಯಾಸ್ ಬದಲು ಫೋಮ್ ಇರುವ ಟ್ವಿನ್ ಟ್ಯೂಬ್) ಕಡೆಗೆ. ಹೆಚ್ಚು ಹೆದ್ದಾರಿ ಓಟ, ಆಗಾಗ ಪೂರ್ತಿ ಭಾರ ಇದ್ದರೆ ಮೋನೋಟ್ಯೂಬ್. ತಿರುಗಣಿ ಕೊಟ್ಟು ಬಿಗಿ ಬದಲಿಸುವ ಶಾಕ್‌ಗಳಲ್ಲಿ ಬಹುಪಾಲು ಜನ ಒಂದೇ ಸೆಟ್ಟಿಂಗ್‌ನಲ್ಲಿ ವರ್ಷಗಟ್ಟಲೆ ಓಡುತ್ತಾರೆ; ಆ ದುಡ್ಡನ್ನು ಟೈರಿಗೆ ಹಾಕಿದರೆ ಹೆಚ್ಚು ಲಾಭ.

ಮುಂದಿನ ಕಾಯಿಲ್ ಸ್ಪ್ರಿಂಗ್ ಬದಲಿಸುವ ಅಗತ್ಯ, ವಿಂಚ್‌ನಂಥ ಕಾಯಂ ಭಾರ ಸೇರಿಸದ ಗಾಡಿಗೆ ಇಲ್ಲ. ಕೆಲವು ಮುಂಬದಿ ಶಾಕ್‌ಗಳಲ್ಲಿ ಸ್ಪ್ರಿಂಗ್ ಕೂರುವ ತಟ್ಟೆಯನ್ನು ಮೇಲಿನ ಕಚ್ಚಿಗೆ ಏರಿಸಬಹುದು. ತಟ್ಟೆ ಏರಿಸಿದರೆ ಸ್ಪ್ರಿಂಗ್ ಗಡಸಾಗುವುದಿಲ್ಲ, ಗಾಡಿ ಏರುತ್ತದೆ, ಅಷ್ಟೇ. ಏರಿದಷ್ಟೂ ಚಕ್ರ ಕೆಳಗಿಳಿಯುವ ಜಾಗ ಕಡಿಮೆಯಾಗಿ, ಹಂಪ್ ದಾಟುವಾಗ ಶಾಕ್ ಪೂರ್ತಿ ಎಳೆದುಕೊಂಡು ‘ಠಕ್’ ಎನ್ನುತ್ತದೆ. ಅತಿ ಕೆಳಗಿನ ಕಚ್ಚಿನಲ್ಲೇ ಇಡಿ.

ಕೈಗೆ ಬೇಕಾದವು

ಜೋಡಿ ಜೋಡಿಯಾಗಿ ನಾಲ್ಕು ಶಾಕ್. ಹೈಲಕ್ಸ್‌ನ ಹಿಂದಿನ ಎರಡು ಶಾಕ್‌ಗಳಲ್ಲಿ ಒಂದು ಆಕ್ಸಲ್‌ನ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ವಾಲಿ ಕೂತಿರುತ್ತದೆ. ಜೋರಾಗಿ ಬ್ರೇಕ್ ಹಿಡಿದಾಗ, ಎಳೆದಾಗ ಆಕ್ಸಲ್ ಸುತ್ತಿಕೊಂಡು ಕಮಾನು ಎಸ್ ಆಕಾರಕ್ಕೆ ಬಾಗುವುದನ್ನು ಈ ಜೋಡಣೆ ಕಡಿಮೆ ಮಾಡುತ್ತದೆ. ಎಡ, ಬಲದ ಪಾರ್ಟ್ ನಂಬರ್ ಬೇರೆ ಇರಬಹುದು, ಡಬ್ಬಿ ಒಡೆದ ಕೂಡಲೇ ಗುರುತು ಹಾಕಿ. ಮುಂದಕ್ಕೆ ಸ್ಟ್ರಟ್‌ನ (ಶಾಕ್, ಕಾಯಿಲ್ ಸ್ಪ್ರಿಂಗ್ ಸೇರಿದ ಜೋಡಣೆ) ಟಾಪ್ ಮೌಂಟ್, ಧೂಳು ಬೂಟು, ಒಳಗಿನ ಬಂಪ್ ರಬ್ಬರ್, ಸ್ಪ್ರಿಂಗ್ ಪ್ಯಾಡ್ ಹೊಸದು. ಇವನ್ನು ಉಳಿಸಲು ಹೋಗಿ ಆರು ತಿಂಗಳಿಗೆ ಮತ್ತೆ ಅದೇ ಸ್ಟ್ರಟ್ ಇಳಿಸುವುದು ಮೂರ್ಖತನ. ಲಾಕ್ ನಟ್ಟುಗಳೆಲ್ಲ ಹೊಸವು, ಒಮ್ಮೆ ಬಿಚ್ಚಿದ ನೈಲಾನ್ ನಟ್ಟು ಹಿಡಿಯುವುದಿಲ್ಲ. ಕಮಾನು ಬಿಚ್ಚುವುದಿದ್ದರೆ ನಾಲ್ಕು ಯು-ಬೋಲ್ಟ್.

ಟ್ರಾಲಿ ಜಾಕಿ, ತಲಾ 3 ಟನ್‌ನ ಎರಡಾದರೂ ಸ್ಟ್ಯಾಂಡ್, ಚಕ್ರಕ್ಕೆ ಒತ್ತು ಕೊಡುವ ಮರದ ದಿಮ್ಮಿ, 200 ನ್ಯೂಟನ್ ಮೀಟರ್‌ವರೆಗಿನ ಟಾರ್ಕ್ ರೆಂಚ್, ಜಂಗು ಬಿಡಿಸುವ ಎಣ್ಣೆ, ಬಾಲ್ ಜಾಯಿಂಟ್ ಪುಲ್ಲರ್. ಸ್ಪ್ರಿಂಗ್ ಅಮುಕಲು ಗೋಡೆಗೆ ಬೋಲ್ಟ್ ಮಾಡಿದ ಇಲ್ಲವೇ ಹೈಡ್ರಾಲಿಕ್ ಯಂತ್ರವಿರುವ ಗ್ಯಾರೇಜು ಹುಡುಕಿ. ಎರಡು ಉದ್ದ ಕೊಕ್ಕೆಯ ಅಗ್ಗದ ಕಂಪ್ರೆಸರ್ ಪಿಕಪ್‌ನ ದಪ್ಪ ಸ್ಪ್ರಿಂಗ್ ಮೇಲೆ ಜಾರುತ್ತದೆ, ಜಾರಿದರೆ ಕೈ ಮುರಿಯುವಷ್ಟರಲ್ಲಿ ನಿಲ್ಲುವುದಿಲ್ಲ.

ಹಿಂದಿನದು ಮೊದಲು

ಹಿಂದಿನ ಶಾಕ್ ಬದಲಿಸಲು ಚಕ್ರ ಬಿಚ್ಚಬೇಕಿಲ್ಲ, ಜಾಕಿಯೂ ಬೇಡ. ಗಾಡಿಯಡಿ ನಿಂತು ಕೆಲಸ ಮಾಡುವ ಗುಂಡಿ ಇರುವ ಗ್ಯಾರೇಜಿನಲ್ಲಿ, ನಾಲ್ಕೂ ಚಕ್ರ ನೆಲದ ಮೇಲಿದ್ದಾಗಲೇ ಮಾಡಿ. ಆಕ್ಸಲ್ ಇಳಿದು ಬ್ರೇಕ್ ಹೋಸ್ ಜಗ್ಗುವ ಭಯವಿಲ್ಲ, ಬುಷ್‌ಗಳನ್ನು ಸರಿ ಎತ್ತರದಲ್ಲೇ ಬಿಗಿದಂತೆಯೂ ಆಗುತ್ತದೆ. ಎತ್ತಿಯೇ ಮಾಡುವುದಾದರೆ ಆಕ್ಸಲ್ ಕೆಳಗೂ ಆಧಾರ ಕೊಟ್ಟು ಒಂದು ಬದಿ ಮುಗಿಸಿದ ಮೇಲೆ ಇನ್ನೊಂದು ಬದಿ ಮುಟ್ಟಿ.

ಕರಾವಳಿ, ಮಲೆನಾಡಿನ ಗಾಡಿಗಳಲ್ಲಿ ಮೇಲಿನ ನಟ್ಟು ಜಂಗು ಹಿಡಿದು ಕಚ್ಚಿರುತ್ತದೆ. ಹಿಂದಿನ ರಾತ್ರಿಯೇ ವೈರ್ ಬ್ರಷ್ ಉಜ್ಜಿ ಎಣ್ಣೆ ಹಾಕಿಡಿ. ಗ್ಯಾಸ್ ಕಟರ್‌ನಿಂದ ಕಾಯಿಸುವ ಕೆಲಸ ಬೇಡವೇ ಬೇಡ. ಒಳಗಿರುವುದು ಒತ್ತಡದ ಗ್ಯಾಸ್ ಮತ್ತು ಎಣ್ಣೆ. ನಟ್ಟು ಸೀಳಿ ತೆಗೆಯಿರಿ, ಹೊಸದು ಹೇಗೂ ಇದೆ.

ಹೊಸ ಟ್ವಿನ್ ಟ್ಯೂಬ್ ಶಾಕ್ ಅಂಗಡಿಯಲ್ಲಿ ಮಲಗಿದ್ದಾಗ ಒಳಗಿನ ಗಾಳಿ ಅಥವಾ ಗ್ಯಾಸ್ ಎಣ್ಣೆಯ ಕೋಣೆಗೆ ಸೇರಿರುತ್ತದೆ. ಕೂರಿಸುವ ಮುಂಚೆ ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಎಳೆದು ಅಮುಕಿ. ನಡುವೆ ಸಿಗುವ ಸಡಿಲ ಜಾಗ ಮಾಯವಾಗಬೇಕು. ಟ್ವಿನ್ ಟ್ಯೂಬನ್ನು ತಲೆಕೆಳಗಾಗಿ ಹಾಕುವಂತಿಲ್ಲ. ಮೋನೋಟ್ಯೂಬ್ ಶಾಕ್‌ಗೆ ಕಟ್ಟಿ ಬಂದ ಪಟ್ಟಿಯನ್ನು ಮೇಲಿನ ನಟ್ಟು ಹಿಡಿಸುವವರೆಗೆ ಕತ್ತರಿಸಬೇಡಿ. ರಾಡನ್ನು ಇಕ್ಕಳದಲ್ಲಿ ಹಿಡಿದರೆ ಬೀಳುವ ಒಂದು ಗೀರು ಸಾಕು, ಸೀಲ್ ಅಲ್ಲಿಂದಲೇ ಸೋರಲು ಶುರು. ವಾಷರ್‌ಗಳ ಬಟ್ಟಲು ಬದಿ ರಬ್ಬರ್ ಕಡೆಗಿರಲಿ.

ಬುಷ್ ಬಿಗಿಯುವ ವಿಷಯ ಎಷ್ಟು ಹೇಳಿದರೂ ಕಡಿಮೆ. ಕಂಪನಿ ಬುಷ್‌ಗಳಲ್ಲಿ ರಬ್ಬರ್ ಒಳಗಿನ ಮತ್ತು ಹೊರಗಿನ ಉಕ್ಕಿನ ಕೊಳವೆಗೆ ಅಂಟಿರುತ್ತದೆ; ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ನೇತಾಡುವಾಗ ಬಿಗಿದರೆ ಗಾಡಿ ಇಳಿಸಿದ ಕ್ಷಣದಿಂದಲೇ ರಬ್ಬರ್ ತಿರುಚಿದ ಸ್ಥಿತಿಯಲ್ಲಿ ಕೂತು, ಇನ್ನೊಂದು ಸ್ಪ್ರಿಂಗ್‌ನಂತೆ ಒದೆಯುತ್ತಾ ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಶಾಕ್ ಹೊಸದಾದರೂ ಗಾಡಿ ಮೊದಲಿಗಿಂತ ಗಡಸಾಗಿದೆ ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ, ಬೋಲ್ಟ್ ಸಡಿಲಿಸಿ ನೆಲದ ಮೇಲೆ ಮತ್ತೆ ಬಿಗಿದರೆ ಸರಿಹೋಗುತ್ತದೆ.

ಕಮಾನು

ಶಾಕ್ ಬಿಚ್ಚಿದಾಗಲೇ ಕಮಾನಿಗೂ ಕೈ ಹಾಕಿ. ಪ್ಲೇಟುಗಳ ನಡುವೆ ಕೆಸರು, ಜಂಗು ಸೇರಿದರೆ ಸಣ್ಣ ಗುಂಡಿಗೆ ಅವು ಒಂದರ ಮೇಲೊಂದು ಜಾರುವುದೇ ಇಲ್ಲ. ಕಮಾನು ಒಂದೇ ದಪ್ಪ ಉಕ್ಕಿನ ತುಂಡಿನಂತೆ ವರ್ತಿಸುತ್ತದೆ. ರಂಬಲ್ ಸ್ಟ್ರಿಪ್‌ನಲ್ಲಿ ಹಲ್ಲು ಕಡಿಯುವಂತಾಗುವುದು ಇದರಿಂದ. ಒತ್ತಡದ ನೀರಲ್ಲಿ ತೊಳೆದು ಒಣಗಿಸಿ, ಚಾಸಿ ಎತ್ತಿ ಪ್ಲೇಟುಗಳ ತುದಿ ಬಿಡಿಸಿಕೊಂಡಾಗ ನಡುವಿನ ಪ್ಲಾಸ್ಟಿಕ್ ಪ್ಯಾಡ್‌ಗಳನ್ನು ನೋಡಿ. ಸವೆದಿದ್ದರೆ ಬದಲಿಸಿ. ಗ್ರೀಸ್ ಮೆತ್ತುವುದು ಎರಡು ವಾರದ ಸುಖ, ಆಮೇಲೆ ಧೂಳು ಅಂಟಿ ಅರದಂತೆ ಉಜ್ಜುತ್ತದೆ. ಒಣಗಿ ಪದರವಾಗುವ ಗ್ರಾಫೈಟ್ ಅಥವಾ ಟೆಫ್ಲಾನ್ ಸ್ಪ್ರೇ ಸಾಕು.

ಕಮಾನಿನ ತುದಿಯ ತೂಗುವ ಕೊಂಡಿ, ಅಂದರೆ ಶ್ಯಾಕಲ್ ಕಡೆಯೂ ಕಣ್ಣಿರಲಿ. ಕಮಾನು ಚಪ್ಪಟೆಯಾದಂತೆ ಉದ್ದವಾಗುತ್ತದೆ, ಆ ಉದ್ದಕ್ಕೆ ಜಾಗ ಕೊಡುವುದು ಶ್ಯಾಕಲ್‌ನ ತೂಗಾಟ. ಅದರ ಪಿನ್ನು ಕಚ್ಚಿದ್ದರೆ ಎಷ್ಟು ದುಬಾರಿ ಶಾಕ್ ಹಾಕಿದರೂ ದಂಡ.

ಆರಾಮಕ್ಕೆಂದು ಒಂದು ಪ್ಲೇಟು ಕಿತ್ತುಹಾಕಿ ಎಂಬ ಸಲಹೆ ಧಾರಾಳವಾಗಿ ಸಿಗುತ್ತದೆ. ಕೆಳಗಿನ ದಪ್ಪ ಹೆಲ್ಪರ್ ಪ್ಲೇಟು ಖಾಲಿ ಗಾಡಿಯಲ್ಲಿ ಮೇಲಿನವಕ್ಕೆ ತಾಗಿಯೇ ಇರುವುದಿಲ್ಲ, ಅದನ್ನು ತೆಗೆದರೆ ಖಾಲಿ ಓಟದಲ್ಲಿ ಲಾಭವಿಲ್ಲ, ಭಾರದಲ್ಲಿ ಮುಖ್ಯ ಪ್ಲೇಟು ಮುರಿಯುತ್ತದೆ. ನಡುವಿನದನ್ನು ತೆಗೆದರೆ ಮೆತ್ತಗಾಗುವುದು ನಿಜ. ಜೊತೆಗೆ ಬ್ರೇಕ್ ಹಿಡಿದಾಗ ಆಕ್ಸಲ್ ಸುತ್ತಿಕೊಳ್ಳುವುದೂ ಹೆಚ್ಚುತ್ತದೆ. ಆರ್‌ಸಿಯಲ್ಲಿ ಬರೆದ ತೂಕ ಹೊರುವ ಯೋಗ್ಯತೆ ಗಾಡಿಗೆ ಉಳಿಯುವುದಿಲ್ಲ. ಈ ದಾರಿ ಬೇಡ.

ಕಮಾನು ಬಿಚ್ಚಿದ್ದರೆ ಹಳೆಯ ಯು-ಬೋಲ್ಟ್ ಮತ್ತೆ ಬಳಸಬೇಡಿ, ಅವು ಹಿಗ್ಗಿರುತ್ತವೆ. ನಾಲ್ಕು ನಟ್ಟುಗಳನ್ನು ಕತ್ತರಿ ಆಕಾರದಲ್ಲಿ, ಎದುರು ಬದುರಾಗಿ, ಮೂರು ಹಂತದಲ್ಲಿ ಬಿಗಿಯಿರಿ. ನಡುವಿನ ಸೆಂಟರ್ ಬೋಲ್ಟ್‌ನ ತಲೆ ಆಕ್ಸಲ್ ಪ್ಯಾಡ್‌ನ ತೂತಿನಲ್ಲಿ ಕೂತಿದೆಯೇ ಎಂದು ಬಿಗಿಯುವ ಮುಂಚೆ ಬೆರಳಿಟ್ಟು ನೋಡಿ. ಕೂರದಿದ್ದರೆ ಗಾಡಿ ಏಡಿಯ ಹಾಗೆ ಓರೆ ಓಡುತ್ತದೆ.

ಮುಂದಿನ ಸ್ಟ್ರಟ್

ಇದು ಕಷ್ಟದ ಭಾಗ. ಎರಡೂ ಬದಿ ಚಾಸಿಗೆ ಸ್ಟ್ಯಾಂಡ್ ಕೊಟ್ಟು ಚಕ್ರ ಬಿಚ್ಚಿ. ಸ್ಟೆಬಿಲೈಸರ್ ಬಾರ್‌ನ ಲಿಂಕ್ ಎರಡೂ ಕಡೆ ಬಿಡಿಸಿ. ಒಂದೇ ಕಡೆ ಬಿಡಿಸಿದರೆ ಬಾರ್ ಆರ್ಮ್ ಅನ್ನು ಮೇಲಕ್ಕೆ ತಳ್ಳುತ್ತಾ ಇರುತ್ತದೆ, ಸ್ಟ್ರಟ್ ಹೊರಬರುವುದಿಲ್ಲ. ಬ್ರೇಕ್ ಹೋಸ್ ಮತ್ತು ಎಬಿಎಸ್ ತಂತಿಯ ಕ್ಲಿಪ್ ಬಿಚ್ಚಿ ಸಡಿಲ ಮಾಡಿಕೊಳ್ಳಿ. ಲೋಯರ್ ಆರ್ಮ್ ಕೆಳಗೆ ಜಾಕಿ ತಾಗಿಸಿ. ಮೇಲಿನ ಮೂರು ನಟ್ಟುಗಳಲ್ಲಿ ಎರಡನ್ನು ತೆಗೆದು ಒಂದನ್ನು ನಾಲ್ಕು ಸುತ್ತು ಹಿಡಿದಿರಲು ಬಿಡಿ. ನಡುವಿನ ದೊಡ್ಡ ನಟ್ಟು ಮಾತ್ರ ಗಾಡಿಯ ಮೇಲಿದ್ದಾಗ ಮುಟ್ಟಲೇಬಾರದು, ಅಮುಕಿದ ಸ್ಪ್ರಿಂಗನ್ನು ಹಿಡಿದಿರುವುದೇ ಅದು.

ಕೆಳಗಿನ ಉದ್ದ ಬೋಲ್ಟ್ ತೆಗೆದು ಜಾಕಿ ಇಳಿಸಿದರೆ ಆರ್ಮ್ ಕೆಳಗೆ ಹೋಗುತ್ತದೆ. ಜಾಗ ಸಾಲದಿದ್ದರೆ ಮೇಲಿನ ಬಾಲ್ ಜಾಯಿಂಟ್ ಪುಲ್ಲರ್‌ನಿಂದ ಬಿಡಿಸಿ. ಆಗ ಚಕ್ರದ ಹಬ್ ಹೊತ್ತ ‘ನಕಲ್’ ಎಂಬ ಭಾಗ ಹೊರಕ್ಕೆ ವಾಲದಂತೆ ತಂತಿಯಲ್ಲಿ ಕಟ್ಟಿಡಬೇಕು. ವಾಲಿದರೆ ಡ್ರೈವ್ ಶಾಫ್ಟ್‌ನ ಒಳಗಿನ ಜಾಯಿಂಟ್ ಕಳಚಿಕೊಂಡು ಬೂಟಿನೊಳಗೆ ಬಿಡಿಯಾಗುತ್ತದೆ, ಅರ್ಧ ದಿನದ ಕೆಲಸ ಎರಡು ದಿನಕ್ಕೆ ಹೋಗುತ್ತದೆ.

ಹೊರಬಂದ ಸ್ಟ್ರಟ್ ಮೇಲೆ ಟಾಪ್ ಮೌಂಟ್, ಸ್ಪ್ರಿಂಗ್, ಕೆಳಗಿನ ಕಣ್ಣು ಮೂರಕ್ಕೂ ನೇರ ಗೆರೆ ಎಳೆಯಿರಿ. ಈ ಗೆರೆ ಇಲ್ಲದೆ ಜೋಡಿಸಿದರೆ ಮೇಲಿನ ಮೂರು ಬೋಲ್ಟ್ ಕೂತಾಗ ಕೆಳಗಿನ ಕಣ್ಣು ಓರೆಯಾಗಿರುತ್ತದೆ, ಯಂತ್ರಕ್ಕೆ ಮತ್ತೆ ಏರಿಸಬೇಕು. ಸ್ಪ್ರಿಂಗನ್ನು ಎರಡೂ ತುದಿ ತಟ್ಟೆಯಿಂದ ಸಡಿಲವಾಗುವವರೆಗೆ ಅಮುಕಿ, ಕೈಯಲ್ಲಿ ತಿರುಗುತ್ತದೆ ಎಂದು ಖಾತ್ರಿಯಾದ ಮೇಲಷ್ಟೇ ನಡುವಿನ ನಟ್ಟು. ಜೋಡಿಸುವಾಗ ಸ್ಪ್ರಿಂಗ್‌ನ ಕತ್ತರಿಸಿದ ತುದಿ ಕೆಳತಟ್ಟೆಯ ಮೆಟ್ಟಿಲಿಗೆ ತಾಗಿರಲಿ. ಹೊಸ ರಾಡ್‌ನ ನಟ್ಟಿಗೆ ಇಂಪ್ಯಾಕ್ಟ್ ಗನ್ ಹಾಕಬೇಡಿ: ರಾಡ್ ಗಿರಗಿರ ತಿರುಗಿ ಸೀಲ್ ಸುಡುತ್ತದೆ, ಒಳಗಿನ ಪಿಸ್ಟನ್ ನಟ್ಟು ಸಡಿಲಗೊಳ್ಳಲೂಬಹುದು. ರಾಡ್ ತುದಿಯನ್ನು ಕೀಲಿಯಲ್ಲಿ ಹಿಡಿದು ಕೈಯಲ್ಲೇ ಬಿಗಿಯಿರಿ.

ಗಾಡಿಗೆ ಏರಿಸಿದ ಮೇಲೆ ಮೇಲಿನ ಮೂರು ನಟ್ಟು ಮತ್ತು ಬಾಲ್ ಜಾಯಿಂಟ್ ಅಲ್ಲೇ ಪೂರ್ತಿ ಟಾರ್ಕ್‌ಗೆ. ಬಾಲ್ ಜಾಯಿಂಟ್‌ಗೆ ಸ್ಪ್ಲಿಟ್ ಪಿನ್ ಹೊಸದು. ಕೆಳಗಿನ ಬೋಲ್ಟ್ ಸದ್ಯಕ್ಕೆ ಬಿಗಿಯಬೇಡಿ. ಚಕ್ರ ಹಾಕಿ, ಇಳಿಸಿ, ಗಾಡಿಯನ್ನು ಎರಡು ಮೂರು ಮೀಟರ್ ಹಿಂದೆ ಮುಂದೆ ತಳ್ಳಿ. ಇಳಿಸಿದಾಗ ಮುಂದಿನ ಟೈರ್‌ಗಳು ಒಳಸರಿದು ನೆಲ ಕಚ್ಚಿಕೊಂಡು ಗಾಡಿಯನ್ನು ಎತ್ತರಕ್ಕೆ ನಿಲ್ಲಿಸಿರುತ್ತವೆ. ಉರುಳಿಸದೆ ಅದು ತನ್ನ ನಿಜ ಎತ್ತರಕ್ಕೆ ಬರುವುದಿಲ್ಲ. ಆಮೇಲೆ ಕೆಳಗಿನ ಬೋಲ್ಟ್, ಸ್ಟೆಬಿಲೈಸರ್ ಲಿಂಕ್ ಬಿಗಿಯಿರಿ. ಟಾರ್ಕ್ ಅಂಕಿ ಆಯಾ ಮಾದರಿಯ ವರ್ಕ್‌ಶಾಪ್ ಮ್ಯಾನ್ಯುಯಲ್‌ನದೇ ಆಗಿರಲಿ. ಎತ್ತರ ಬದಲಾಗದಿದ್ದರೂ ಅಲೈನ್‌ಮೆಂಟ್ ನೋಡಿಸಿ, ಹೆಡ್‌ಲೈಟ್‌ನ ಗುರಿಯನ್ನೂ.

ಟೈರ್ ಗಾಳಿ, ಪರೀಕ್ಷೆ, ಸದ್ದುಗಳು

ಖಾಲಿ ಗಾಡಿಗೂ ಭಾರದ ಗಾಳಿ ತುಂಬಿಸಿ ಓಡಿಸುವುದು ರೂಢಿ. ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿರುವ ಅಂಕಿ ನೋಡಿ, ಬೆಳಿಗ್ಗೆ ತಣ್ಣಗಿದ್ದಾಗ ಅಷ್ಟೇ ಹಾಕಿಸಿ. ಅದಕ್ಕಿಂತ ಐದಾರು ಪಿಎಸ್‌ಐ ಹೆಚ್ಚಿದ್ದರೆ ಗುಂಡಿಯ ಅಂಚಿನ ಏಟನ್ನು ಯಾವ ಶಾಕ್ ಕೂಡ ಮರೆಮಾಚಲಾರದು. ಭಾರಕ್ಕೆ ಮಾಡಿದ ದಪ್ಪ ಗೋಡೆಯ ಆಲ್ ಟೆರೇನ್ ಟೈರ್ ಹಾಕಿದ ಗಾಡಿಯಲ್ಲಿ ಹೊಸ ಶಾಕ್‌ನ ಲಾಭ ಅರ್ಧ ಅಲ್ಲೇ ಕರಗುತ್ತದೆ.

ಮೊದಲು ಮತ್ತು ನಂತರದ ಹೋಲಿಕೆ ಅದೇ ರಸ್ತೆ, ಅದೇ ವೇಗ, ಅದೇ ಗಾಳಿ, ಅದೇ ಭಾರದಲ್ಲಿ ಆಗಬೇಕು. ರಾಡ್ ಕಾಣುವ ಶಾಕ್ ಆದರೆ ರಾಡ್‌ಗೆ ಒಂದು ತೆಳು ಕೇಬಲ್ ಟೈ ಕಟ್ಟಿ ಸೀಲ್ ತನಕ ಸರಿಸಿಡಿ. ಓಡಿಸಿ ಬಂದಾಗ ಅದು ಎಲ್ಲಿಗೆ ಸರಿದಿದೆ ಎಂಬುದೇ ಶಾಕ್ ಎಷ್ಟು ಅಮುಕಿತು ಎಂಬ ಲೆಕ್ಕ. ಕೆಟ್ಟ ರಸ್ತೆಯಲ್ಲೂ ಅರ್ಧ ದಾಟದಿದ್ದರೆ ಬಿಗಿ ಹೆಚ್ಚಾಗಿದೆ. ಪ್ರತಿ ಹಂಪ್‌ಗೂ ಕೊನೆ ಮುಟ್ಟಿದರೆ ಸ್ಪ್ರಿಂಗ್ ಸೋತಿದೆ.

ಮುಂದೆ ನಿಧಾನದಲ್ಲಿ ‘ಟಕ್ ಟಕ್’ ಬಂದರೆ ಮೇಲಿನ ನಡುನಟ್ಟು ಅಥವಾ ಸ್ಟೆಬಿಲೈಸರ್ ಲಿಂಕ್ ಸಡಿಲ. ಸ್ಟೀರಿಂಗ್ ತಿರುಗಿಸುವಾಗಲೂ ಸದ್ದಿದ್ದರೆ ಬಾಲ್ ಜಾಯಿಂಟ್ ನೋಡಿ. ಹಿಂದೆ ಕಿರ್ ಎಂದರೆ ಪಾಲಿಯುರೆಥೇನ್ ಬುಷ್ ಒಣಗಿದೆ, ಸಿಲಿಕೋನ್ ಗ್ರೀಸ್ ಹಾಕಿ. ರಬ್ಬರ್ ಬುಷ್‌ಗೆ ಎಣ್ಣೆ, ಸಾದಾ ಗ್ರೀಸ್ ತಾಗಿಸಬೇಡಿ, ಉಬ್ಬಿ ಹಾಳಾಗುತ್ತದೆ. ಶಾಕ್ ಒಳಗಿನಿಂದ ಸುಂಯ್ ಎಂಬ ಸದ್ದು ವಾಲ್ವ್‌ನಲ್ಲಿ ಎಣ್ಣೆ ಹರಿಯುವುದು, ದೋಷವಲ್ಲ.

500 ಕಿ.ಮೀ. ಆದ ಮೇಲೆ ಯು-ಬೋಲ್ಟ್, ಶಾಕ್‌ನ ಮೇಲಿನ ಕೆಳಗಿನ ಬೋಲ್ಟ್, ಚಕ್ರದ ನಟ್ಟು ಎಲ್ಲಕ್ಕೂ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ. ಯು-ಬೋಲ್ಟ್ ಕಾಲು ಸುತ್ತಾದರೂ ತಿರುಗುವುದು ಸಾಮಾನ್ಯ. ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿದರೆ ಸೆಂಟರ್ ಬೋಲ್ಟ್ ಸರಿ ಕೂತಿಲ್ಲ ಎಂದು ಬಗೆದು ಬಿಚ್ಚಿ ನೋಡಿ.